ನಾಟಿಂಗ್‌ಹ್ಯಾಮ್ ಫಾರೆಸ್ಟ್: ನಾಡ ಕಿರೀಟ ಒಂದು, ಯುರೋಪ್ ಕಿರೀಟ ಎರಡು

ಇಂಗ್ಲೆಂಡಿನ ಫುಟ್‌ಬಾಲ್ ಇತಿಹಾಸದಲ್ಲಿ ದಾಖಲೆಗಳಿಗೆ ಬರವಿಲ್ಲ. ಅತಿ ಹೆಚ್ಚು ಬಾರಿ ಲೀಗ್ ಗೆದ್ದವರು, ಅತಿ ಹೆಚ್ಚು ಗೋಲು ಹೊಡೆದವರು, ಅತಿ ದೊಡ್ಡ ಮೊತ್ತಕ್ಕೆ ಆಟಗಾರರನ್ನು ಕೊಂಡವರು ಎಂದು ಪಟ್ಟಿ ಬೆಳೆಯುತ್ತಲೇ ಹೋಗುತ್ತದೆ. ಆದರೆ ನಾಟಿಂಗ್‌ಹ್ಯಾಮ್ ಫಾರೆಸ್ಟ್ ಕ್ಲಬ್‌ನ ಹೆಸರಿನಲ್ಲಿರುವ ಒಂದು ದಾಖಲೆ ಯುರೋಪಿನ ಬೇರಾವ ಕ್ಲಬ್‌ಗೂ ಇಲ್ಲ. ಸ್ವದೇಶದ ಅಗ್ರ ಲೀಗ್ ಪ್ರಶಸ್ತಿಯನ್ನು ಒಂದೇ ಒಂದು ಬಾರಿ ಗೆದ್ದಿರುವ ಈ ಕ್ಲಬ್, ಇಡೀ ಖಂಡದ ಚಾಂಪಿಯನ್ ಪಟ್ಟವನ್ನು ಎರಡು ಬಾರಿ ಅಲಂಕರಿಸಿದೆ.

ಇದು ಸಾಧ್ಯವಾದದ್ದು ಅಂದಿನ ನಿಯಮದಿಂದ. ಇಂದಿನ ಚಾಂಪಿಯನ್ಸ್ ಲೀಗ್‌ನ ಪೂರ್ವರೂಪವಾದ ಯುರೋಪಿಯನ್ ಕಪ್‌ನಲ್ಲಿ ಆಡುವ ಅರ್ಹತೆ ಆಯಾ ದೇಶದ ಲೀಗ್ ವಿಜೇತರಿಗೆ ಮತ್ತು ಹಿಂದಿನ ವರ್ಷದ ಕಪ್ ವಿಜೇತರಿಗೆ ಮಾತ್ರ ಇತ್ತು. ಫಾರೆಸ್ಟ್ 1978ರಲ್ಲಿ ಲೀಗ್ ಗೆದ್ದು ಯುರೋಪಿನ ಕಣಕ್ಕಿಳಿಯಿತು. 1979ರಲ್ಲಿ ಕಪ್ ಗೆದ್ದಿತು. ಹಾಲಿ ವಿಜೇತ ಎಂಬ ಅರ್ಹತೆಯ ಮೇಲೆ ಮರಳಿ ಆಡಿ 1980ರಲ್ಲಿ ಅದನ್ನು ಉಳಿಸಿಕೊಂಡಿತು. ಇವೆಲ್ಲಕ್ಕೂ ಕೇವಲ ಮೂರು ವರ್ಷ ಮುನ್ನ, ಅಂದರೆ 1977ರ ವಸಂತದಲ್ಲಿ, ಈ ತಂಡ ಎರಡನೇ ವಿಭಾಗದಲ್ಲಿ ಆಡುತ್ತಿತ್ತು.

ಅಂಥ ಏರಿಕೆಯನ್ನು ಇಂಗ್ಲೆಂಡಿನ ಮತ್ತೊಂದು ಕ್ಲಬ್ ಅಂದಿನಿಂದ ಇಂದಿನವರೆಗೆ ಕಂಡಿಲ್ಲ. ಏರಿದ ಎತ್ತರದಿಂದ ಇದೇ ಕ್ಲಬ್ ಮೂರನೇ ಹಂತದವರೆಗೆ ಜಾರಿದ್ದೂ, ಅಲ್ಲಿಂದ ಮತ್ತೆ ಮೇಲೆದ್ದು ಬಂದದ್ದೂ ಇತಿಹಾಸವೇ ಆಗಿದೆ.

ಹುಟ್ಟು ಮತ್ತು ಕೆಂಪು ಬಣ್ಣ

ಇಂಗ್ಲೆಂಡಿನ ನಡುಭಾಗದಲ್ಲಿ ಟ್ರೆಂಟ್ ನದಿಯ ದಂಡೆಯ ಮೇಲಿರುವ ನಾಟಿಂಗ್‌ಹ್ಯಾಮ್, ಒಂದು ಕಾಲದಲ್ಲಿ ಲೇಸ್ ಉದ್ಯಮಕ್ಕೆ ಹೆಸರಾಗಿದ್ದ ನಗರ. 2021ರ ಜನಗಣತಿಯ ಪ್ರಕಾರ ಇಲ್ಲಿನ ಜನಸಂಖ್ಯೆ ಸುಮಾರು 3.2 ಲಕ್ಷ. 1865ರಲ್ಲಿ ಇಲ್ಲಿನ ಶೇಕ್ಸ್‌ಪಿಯರ್ ಬೀದಿಯ ಕ್ಲಿಂಟನ್ ಆರ್ಮ್ಸ್ ಎಂಬಲ್ಲಿ, ಹಾಕಿಯನ್ನು ಹೋಲುವ ಶಿಂಟಿ ಆಟ ಆಡುತ್ತಿದ್ದ ಯುವಕರ ಗುಂಪೊಂದು ಸಭೆ ಸೇರಿ ಫುಟ್‌ಬಾಲ್ ಆಡಲು ನಿರ್ಧರಿಸಿತು. ಶೆರ್‌ವುಡ್ ಕಾಡಿನ ಅಂಚಿನಲ್ಲಿ ಉಳಿದಿದ್ದ ‘ಫಾರೆಸ್ಟ್ ರೆಕ್ರಿಯೇಷನ್ ಗ್ರೌಂಡ್’ ಎಂಬ ಬಯಲೇ ಅವರ ಆಟದ ಅಂಗಳ. ಕ್ಲಬ್‌ನ ಹೆಸರಿನಲ್ಲಿರುವ ‘ಫಾರೆಸ್ಟ್’ ಬಂದದ್ದು ಅಲ್ಲಿಂದ.

ಇಟಲಿಯ ಏಕೀಕರಣಕ್ಕಾಗಿ ಹೋರಾಡಿದ ಗ್ಯಾರಿಬಾಲ್ಡಿ 1864ರಲ್ಲಿ ಇಂಗ್ಲೆಂಡಿಗೆ ಭೇಟಿ ನೀಡಿದಾಗ ಆತನಿಗೆ ಜನರಿಂದ ಅಭೂತಪೂರ್ವ ಸ್ವಾಗತ ದೊರೆತಿತ್ತು. ಆತನ ಅನುಯಾಯಿಗಳು ಕೆಂಪಂಗಿಯವರೆಂದೇ ಪ್ರಸಿದ್ಧರು. ಅವರ ಗೌರವಾರ್ಥ ಕ್ಲಬ್ ‘ಗ್ಯಾರಿಬಾಲ್ಡಿ ಕೆಂಪು’ ಬಣ್ಣವನ್ನು ಆರಿಸಿಕೊಂಡು, ಆಟಗಾರರಿಗಾಗಿ ಒಂದು ಡಜನ್ ಕೆಂಪು ಟೊಪ್ಪಿಗೆಗಳನ್ನು ಕೊಳ್ಳಲು ಗೊತ್ತುವಳಿ ಅಂಗೀಕರಿಸಿತು. ಲಂಡನ್ನಿನ ಆರ್ಸೆನಲ್ ಕ್ಲಬ್ ಇಂದು ಧರಿಸುವ ಕೆಂಪಿಗೂ ಮೂಲ ಇದೇ. 1886ರಲ್ಲಿ ಆರ್ಸೆನಲ್ ಹುಟ್ಟಿಕೊಂಡಾಗ ಅದರಲ್ಲಿ ಫಾರೆಸ್ಟ್‌ನ ಮಾಜಿ ಆಟಗಾರರಿದ್ದರು. ಅವರ ಕೋರಿಕೆಯ ಮೇರೆಗೆ ಫಾರೆಸ್ಟ್ ಒಂದು ಜೊತೆ ಕೆಂಪು ಅಂಗಿಗಳನ್ನೂ ಒಂದು ಚೆಂಡನ್ನೂ ಕಳುಹಿಸಿಕೊಟ್ಟಿತ್ತು.

ಆಟದ ಉಪಕರಣಗಳ ಚರಿತ್ರೆಯಲ್ಲಿಯೂ ಫಾರೆಸ್ಟ್‌ಗೆ ಸ್ಥಾನವಿದೆ. ಮೊಣಕಾಲಿನ ಕೆಳಗಿನ ಎಲುಬನ್ನು ಒದೆತದಿಂದ ಕಾಪಾಡುವ ‘ಶಿನ್ ಪ್ಯಾಡ್’ ಅನ್ನು 1874ರಲ್ಲಿ ಮೊದಲು ಬಳಕೆಗೆ ತಂದವರು ಫಾರೆಸ್ಟ್‌ನ ಸ್ಯಾಮ್ ವೆಲ್ಲರ್ ವಿಡೋಸನ್. ಕ್ರಿಕೆಟ್ ಆಟಗಾರರೂ ಆಗಿದ್ದ ಅವರು ಬ್ಯಾಟಿಂಗ್ ಪ್ಯಾಡ್‌ಗಳನ್ನು ಕತ್ತರಿಸಿ ಚಿಕ್ಕದು ಮಾಡಿ ಕಾಲುಚೀಲದ ಹೊರಗೆ ಪಟ್ಟಿಯಿಂದ ಕಟ್ಟಿಕೊಂಡು ಮೈದಾನಕ್ಕಿಳಿದರು.

ಕಪ್ ಟೂರ್ನಿಯ ಮೊದಲ ದಾಖಲೆಗಳು

ಲೀಗ್ ಪದ್ಧತಿ ಗಟ್ಟಿಯಾಗುವ ಮೊದಲು ಇಂಗ್ಲಿಷ್ ಫುಟ್‌ಬಾಲ್‌ನ ಜೀವಾಳವಾಗಿದ್ದುದು ಎಫ್‌ಎ ಕಪ್. ಅದರಲ್ಲಿ ಫಾರೆಸ್ಟ್‌ನ ಹೆಸರು ಬಹಳ ಬೇಗ ದಾಖಲಾಯಿತು. 1885ರಲ್ಲಿ ಸ್ಕಾಟ್ಲೆಂಡಿನ ಕ್ವೀನ್ಸ್ ಪಾರ್ಕ್ ವಿರುದ್ಧದ ಸೆಮಿಫೈನಲ್ ಮರುಪಂದ್ಯ ಎಡಿನ್‌ಬರೊ ನಗರದಲ್ಲಿ ನಡೆಯಿತು. ಎಫ್‌ಎ ಕಪ್ ಸೆಮಿಫೈನಲ್ ಒಂದು ಸ್ಕಾಟ್ಲೆಂಡಿನ ನೆಲದಲ್ಲಿ ನಡೆದದ್ದು ಅದೊಂದೇ ಬಾರಿ. 1891ರ ಜನವರಿಯಲ್ಲಿ ಲಂಡನ್ನಿನ ಕ್ಲಾಪ್ಟನ್ ತಂಡವನ್ನು ಅದರದೇ ಮೈದಾನದಲ್ಲಿ ಫಾರೆಸ್ಟ್ 14–0ಯಿಂದ ಸೋಲಿಸಿತು. ಎದುರಾಳಿಯ ಅಂಗಳದಲ್ಲಿ ದೊರೆತ ಗೆಲುವುಗಳ ಪೈಕಿ ಎಫ್‌ಎ ಕಪ್‌ನಲ್ಲಿ ಇಂದಿಗೂ ಅದೇ ಅತಿ ದೊಡ್ಡದು.

1892ರಲ್ಲಿ ‘ಫುಟ್‌ಬಾಲ್ ಅಲಯನ್ಸ್’ ಸ್ಪರ್ಧೆಯನ್ನು ಗೆದ್ದ ಕ್ಲಬ್ ಅದೇ ವರ್ಷ ಫುಟ್‌ಬಾಲ್ ಲೀಗ್‌ನ ಮೊದಲ ವಿಭಾಗಕ್ಕೆ ಸೇರ್ಪಡೆಯಾಯಿತು. 1898ರಲ್ಲಿ ಮೊದಲ ದೊಡ್ಡ ಪ್ರಶಸ್ತಿ ಒಲಿಯಿತು. ನೆರೆಯ ಡರ್ಬಿ ಕೌಂಟಿ ಕೆಲವೇ ದಿನಗಳ ಹಿಂದೆ ಲೀಗ್ ಪಂದ್ಯದಲ್ಲಿ ಫಾರೆಸ್ಟ್‌ನ್ನು 5–0ಯಿಂದ ಸೋಲಿಸಿತ್ತು. ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ನಡೆದ ಎಫ್‌ಎ ಕಪ್ ಫೈನಲ್‌ನಲ್ಲಿ ಅದೇ ಡರ್ಬಿಯನ್ನು ಫಾರೆಸ್ಟ್ 3–1ರಿಂದ ಪರಾಭವಗೊಳಿಸಿತು. ಡರ್ಬಿಯೊಂದಿಗಿನ ಪೈಪೋಟಿ ಇಂದಿಗೂ ಆರಿಲ್ಲ.

ಲೀಗ್‌ನಲ್ಲಿ ಕ್ಲಬ್‌ನ ಅತಿ ದೊಡ್ಡ ಗೆಲುವಿಗೆ ಒಂದು ವಿಚಿತ್ರ ಹಿನ್ನೆಲೆಯಿದೆ. 1909ರ ಏಪ್ರಿಲ್ 21ರಂದು ಲೆಸ್ಟರ್ ಫಾಸ್ ತಂಡವನ್ನು ಫಾರೆಸ್ಟ್ 12–0ಯಿಂದ ಸೋಲಿಸಿತು. ಫಾರೆಸ್ಟ್‌ನ ಮೂವರು ಆಟಗಾರರು ತಲಾ ಮೂರು ಗೋಲು ಗಳಿಸಿದರು. ಫಲಿತಾಂಶದ ಬಗ್ಗೆ ಸಂಶಯಗೊಂಡ ಲೀಗ್ ವಿಚಾರಣೆ ನಡೆಸಿತು. ಲೆಸ್ಟರ್ ಆಟಗಾರರು ಪಂದ್ಯಕ್ಕೆ ಮುನ್ನ ಸಹ ಆಟಗಾರನೊಬ್ಬನ ಮದುವೆಯ ಸಂಭ್ರಮದಲ್ಲಿ ಪಾಲ್ಗೊಂಡು ದಣಿದಿದ್ದರೆಂಬುದು ತನಿಖೆಯಲ್ಲಿ ತಿಳಿದುಬಂದಿತು.

ನದಿಯ ದಡದ ಮೈದಾನ

1898ರಿಂದ ಫಾರೆಸ್ಟ್‌ನ ತವರು ಸಿಟಿ ಗ್ರೌಂಡ್. ನಗರದ ಹೆಸರು ಹೊತ್ತಿದ್ದರೂ ಮೈದಾನ ಇಂದು ಆಡಳಿತಾತ್ಮಕವಾಗಿ ನಾಟಿಂಗ್‌ಹ್ಯಾಮ್ ನಗರದೊಳಗಿಲ್ಲ. ಟ್ರೆಂಟ್ ನದಿಯ ದಕ್ಷಿಣ ದಡದಲ್ಲಿ ರಶ್‌ಕ್ಲಿಫ್ ಎಂಬ ಬೇರೊಂದು ಸ್ಥಳೀಯ ಆಡಳಿತದ ವ್ಯಾಪ್ತಿಗೆ ಅದು ಸೇರುತ್ತದೆ. ನದಿಯ ಆಚೆ ದಡದಲ್ಲಿರುವ ಮೆಡೋ ಲೇನ್, 1862ರಲ್ಲಿ ಸ್ಥಾಪನೆಯಾದ ನಾಟ್ಸ್ ಕೌಂಟಿಯ ಮೈದಾನ.

ಸಿಟಿ ಗ್ರೌಂಡ್‌ನ ಮತ್ತೊಂದು ನೆರೆಮನೆ ಕನ್ನಡಿಗರಿಗೆ ಚಿರಪರಿಚಿತ. ಕೂಗಳತೆಯ ದೂರದಲ್ಲಿರುವ ಟ್ರೆಂಟ್ ಬ್ರಿಜ್ ಕ್ರಿಕೆಟ್ ಮೈದಾನದಲ್ಲಿಯೇ 2007ರಲ್ಲಿ ರಾಹುಲ್ ದ್ರಾವಿಡ್ ನಾಯಕತ್ವದ ಭಾರತ ತಂಡ ಏಳು ವಿಕೆಟ್‌ಗಳಿಂದ ಟೆಸ್ಟ್ ಗೆದ್ದು, ಮುಂದೆ ಸರಣಿಯನ್ನೂ ತನ್ನದಾಗಿಸಿಕೊಂಡಿತು.

ಸಿಟಿ ಗ್ರೌಂಡ್‌ನಲ್ಲಿ ಅತಿ ಹೆಚ್ಚು ಜನ ಸೇರಿದ್ದು 1967ರ ಅಕ್ಟೋಬರ್ 28ರಂದು. ಮ್ಯಾಂಚೆಸ್ಟರ್ ಯುನೈಟೆಡ್ ವಿರುದ್ಧದ ಆ ಪಂದ್ಯಕ್ಕೆ ಬಂದವರು 49,946 ಮಂದಿ. ನಿಂತು ನೋಡುವ ಅಟ್ಟಣೆಗಳ ಜಾಗದಲ್ಲಿ ಆಸನಗಳು ಬಂದ ಮೇಲೆ ಮೈದಾನದ ಸಾಮರ್ಥ್ಯ ಮೂವತ್ತು ಸಾವಿರದ ಆಸುಪಾಸಿಗೆ ಇಳಿದಿದೆ. ಹೀಗಾಗಿ ಈ ದಾಖಲೆ ಇಷ್ಟು ವರ್ಷಗಳಿಂದ ಅಲುಗಾಡಿಲ್ಲ.

ಮರುವರ್ಷವೇ, 1968ರ ಆಗಸ್ಟ್ 24ರಂದು, ಲೀಡ್ಸ್ ವಿರುದ್ಧದ ಪಂದ್ಯದ ವೇಳೆ ಮುಖ್ಯ ಸ್ಟ್ಯಾಂಡ್‌ಗೆ ಬೆಂಕಿ ಬಿತ್ತು. ಮೈದಾನದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಜನರಿದ್ದರೂ ಯಾವುದೇ ಪ್ರಾಣಹಾನಿಯಾಗಲಿಲ್ಲ. ಆದರೆ ಕ್ಲಬ್ ಜತನದಿಂದ ಕಾಪಾಡಿಕೊಂಡು ಬಂದಿದ್ದ ಹಳೆಯ ಕಡತಗಳು, ಪಾರಿತೋಷಕಗಳು ಹಾಗೂ ನೆನಪಿನ ವಸ್ತುಗಳು ಬೂದಿಯಾದವು. ದುರಸ್ತಿ ಮುಗಿಯುವವರೆಗೆ ಕೆಲ ಕಾಲ ಫಾರೆಸ್ಟ್ ತನ್ನ ಪಂದ್ಯಗಳನ್ನು ನದಿಯಾಚೆಯ ನಾಟ್ಸ್ ಕೌಂಟಿ ಮೈದಾನದಲ್ಲಿ ಆಡಬೇಕಾಯಿತು.

ಹತ್ತು ಜನರ ಗೆಲುವು

ಎರಡು ಮಹಾಯುದ್ಧಗಳ ನಡುವಿನ ಕಾಲ ಫಾರೆಸ್ಟ್ ಪಾಲಿಗೆ ಹಿನ್ನಡೆಯ ಕಾಲ. 1925ರಲ್ಲಿ ಮೊದಲ ವಿಭಾಗದಿಂದ ಕೆಳಗಿಳಿದ ತಂಡ 1949ರಲ್ಲಿ ಮೂರನೇ ವಿಭಾಗಕ್ಕೆ ಬಿತ್ತು. ಬಿಲ್ಲಿ ವಾಕರ್ ಎಂಬ ಮ್ಯಾನೇಜರ್ ತಾಳ್ಮೆಯಿಂದ ತಂಡವನ್ನು ಮತ್ತೆ ಕಟ್ಟಿದರು. 1950–51ರ ಋತುವಿನಲ್ಲಿ ವಾಲಿ ಆರ್ಡ್ರನ್ 36 ಲೀಗ್ ಗೋಲು ಬಾರಿಸಿದರು. ಒಂದೇ ಋತುವಿನಲ್ಲಿ ಫಾರೆಸ್ಟ್ ಆಟಗಾರನೊಬ್ಬ ಗಳಿಸಿದ ಅತಿ ಹೆಚ್ಚು ಲೀಗ್ ಗೋಲುಗಳು ಇವೇ. 1957ರಲ್ಲಿ ತಂಡ ಮೊದಲ ವಿಭಾಗಕ್ಕೆ ಮರಳಿತು.

1959ರ ಮೇ 2ರಂದು ವೆಂಬ್ಲಿಯಲ್ಲಿ ಲೂಟನ್ ಟೌನ್ ವಿರುದ್ಧ ನಡೆದ ಎಫ್‌ಎ ಕಪ್ ಫೈನಲ್‌ನ ಮೊದಲ ಕಾಲು ಗಂಟೆಯಲ್ಲಿಯೇ ರಾಯ್ ಡ್ವೈಟ್ ಮತ್ತು ಟಾಮಿ ವಿಲ್ಸನ್ ಫಾರೆಸ್ಟ್‌ಗೆ 2–0 ಮುನ್ನಡೆ ತಂದುಕೊಟ್ಟರು. ಪಂದ್ಯದ 33ನೇ ನಿಮಿಷದಲ್ಲಿ ಡ್ವೈಟ್ ಕಾಲು ಮುರಿದುಕೊಂಡರು. ಬದಲಿ ಆಟಗಾರರನ್ನು ಇಳಿಸುವ ಅವಕಾಶ ಆಗಿನ್ನೂ ಇರಲಿಲ್ಲ. ಉಳಿದ ಸುಮಾರು ಒಂದು ಗಂಟೆಯ ಆಟವನ್ನು ಹತ್ತೇ ಮಂದಿ ಆಡಿ 2–1ರಿಂದ ಕಪ್ ಗೆದ್ದರು. ಹಾಡುಗಾರ ಎಲ್ಟನ್ ಜಾನ್, ಈ ರಾಯ್ ಡ್ವೈಟ್ ಅವರ ಬಂಧು.

1966–67ರಲ್ಲಿ ಲೀಗ್‌ನಲ್ಲಿ ಎರಡನೇ ಸ್ಥಾನಕ್ಕೇರಿದ್ದ ತಂಡ ಐದೇ ವರ್ಷಗಳಲ್ಲಿ, 1972ರಲ್ಲಿ, ಮತ್ತೆ ಎರಡನೇ ವಿಭಾಗ ಸೇರಿತು.

ಕ್ಲಫ್ ಮತ್ತು ಟೇಲರ್

1975ರ ಜನವರಿ 6ರಂದು ಬ್ರಯನ್ ಕ್ಲಫ್ ಫಾರೆಸ್ಟ್‌ನ ಮ್ಯಾನೇಜರ್ ಆಗಿ ಅಧಿಕಾರ ವಹಿಸಿಕೊಂಡರು. ಆಗ ತಂಡ ಎರಡನೇ ವಿಭಾಗದಲ್ಲಿ 13ನೇ ಸ್ಥಾನದಲ್ಲಿತ್ತು. ಕ್ಲಫ್ ಅವರ ಸ್ಥಿತಿಯೂ ಹೇಳಿಕೊಳ್ಳುವಂತಿರಲಿಲ್ಲ. ಆಟಗಾರರಾಗಿ 274 ಲೀಗ್ ಪಂದ್ಯಗಳಲ್ಲಿ 251 ಗೋಲು ಗಳಿಸಿದ್ದ ಅವರ ಆಟದ ಬದುಕು ಮಂಡಿಯ ಗಾಯದಿಂದ ಬೇಗನೆ ಮುಗಿದಿತ್ತು. 1972ರಲ್ಲಿ ಡರ್ಬಿ ಕೌಂಟಿಗೆ ಲೀಗ್ ಗೆದ್ದುಕೊಟ್ಟರೂ ಆಡಳಿತ ಮಂಡಳಿಯೊಂದಿಗೆ ಜಗಳವಾಡಿ ಹೊರಬಂದಿದ್ದರು. 1974ರಲ್ಲಿ ಲೀಡ್ಸ್ ಯುನೈಟೆಡ್ ಅವರನ್ನು 44 ದಿನಗಳಲ್ಲಿ ಮನೆಗೆ ಕಳುಹಿಸಿತ್ತು.

1976ರಲ್ಲಿ ಹಳೆಯ ಜೊತೆಗಾರ ಪೀಟರ್ ಟೇಲರ್ ಬಂದು ಕೂಡಿಕೊಂಡ ಮೇಲೆ ಚಿತ್ರ ಬದಲಾಯಿತು. ಆಟಗಾರರನ್ನು ಹುಡುಕಿ ತರುವುದು ಟೇಲರ್ ಕೆಲಸ. ಅವರಿಂದ ಆಟ ಹೊರತೆಗೆಯುವುದು ಕ್ಲಫ್ ಕೆಲಸ. ಮಾರಾಟದ ಪಟ್ಟಿಯಲ್ಲಿದ್ದ, ಮೈ ಭಾರವಾಗಿದ್ದ ಜಾನ್ ರಾಬರ್ಟ್‌ಸನ್ ಎಡಬದಿಯ ಅಪ್ರತಿಮ ಆಟಗಾರರಾದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಮುಂಚೂಣಿಯಲ್ಲಿ ಆಡುತ್ತಿದ್ದ ಕೆನ್ನಿ ಬರ್ನ್ಸ್ ಅವರನ್ನು 1.5 ಲಕ್ಷ ಪೌಂಡ್‌ಗೆ ತಂದು ರಕ್ಷಣಾ ವಿಭಾಗಕ್ಕೆ ಇಳಿಸಲಾಯಿತು. ಮರುವರ್ಷ ಅವರು ದೇಶದ ವರ್ಷದ ಆಟಗಾರ ಎಂಬ ಗೌರವಕ್ಕೆ ಪಾತ್ರರಾದರು. ನೆಲಹಾಸು ಹಾಸುವ ಕೆಲಸ ಮಾಡುತ್ತ ಲಾಂಗ್ ಈಟನ್ ಎಂಬ ಸಣ್ಣ ಕ್ಲಬ್‌ಗೆ ಆಡುತ್ತಿದ್ದ ಗ್ಯಾರಿ ಬರ್ಟಲ್ಸ್ ಫಾರೆಸ್ಟ್‌ಗೆ ಸಿಕ್ಕಿದ್ದು ಕೇವಲ 2,000 ಪೌಂಡ್‌ಗೆ.

1977ರಲ್ಲಿ ಎರಡನೇ ವಿಭಾಗದಲ್ಲಿ ಮೂರನೇ ಸ್ಥಾನ ಪಡೆದು, ಅಂದರೆ ಬಡ್ತಿಗೆ ಬೇಕಾದ ಕೊನೆಯ ಸ್ಥಾನದಲ್ಲಿ, ಫಾರೆಸ್ಟ್ ಮೇಲೇರಿತು. ಸ್ಟೋಕ್ ಸಿಟಿಯಿಂದ ಗೋಲ್‌ಕೀಪರ್ ಪೀಟರ್ ಶಿಲ್ಟನ್ ಬಂದರು. 1977–78ರ ಋತುವಿನ 42 ಪಂದ್ಯಗಳಲ್ಲಿ ತಂಡ ಬಿಟ್ಟುಕೊಟ್ಟಿದ್ದು 24 ಗೋಲುಗಳನ್ನು ಮಾತ್ರ. ಗೆಲುವಿಗೆ ಎರಡೇ ಪಾಯಿಂಟ್ ಇದ್ದ ಆ ದಿನಗಳಲ್ಲಿ 64 ಪಾಯಿಂಟ್ ಕಲೆಹಾಕಿ, ಯುರೋಪಿನ ಹಾಲಿ ಚಾಂಪಿಯನ್ ಲಿವರ್‌ಪೂಲ್‌ಗಿಂತ ಏಳು ಪಾಯಿಂಟ್ ಮುಂದೆ ನಿಂತು ಫಾರೆಸ್ಟ್ ಲೀಗ್ ಗೆದ್ದಿತು. ಅದೇ ಋತುವಿನಲ್ಲಿ ಲೀಗ್ ಕಪ್ ಫೈನಲ್ ಮರುಪಂದ್ಯದಲ್ಲಿಯೂ ಲಿವರ್‌ಪೂಲ್‌ನ್ನು 1–0ಯಿಂದ ಮಣಿಸಿತು. ಬಡ್ತಿ ಪಡೆದ ಮರುವರ್ಷವೇ ಅಗ್ರ ಲೀಗ್ ಗೆಲ್ಲುವ ಸಾಹಸ ಇಂಗ್ಲೆಂಡಿನಲ್ಲಿ ಆ ಬಳಿಕ ಯಾರಿಂದಲೂ ಆಗಿಲ್ಲ.

1977ರ ನವೆಂಬರ್ 19ರಂದು ಲೀಡ್ಸ್ ಎದುರು ಸೋತ ಫಾರೆಸ್ಟ್, ಲೀಗ್‌ನಲ್ಲಿ ಮತ್ತೆ ಸೋಲು ಕಂಡದ್ದು 1978ರ ಡಿಸೆಂಬರ್ 9ರಂದು, ಲಿವರ್‌ಪೂಲ್‌ನಲ್ಲಿ. ಈ ನಡುವೆ ಸತತ 42 ಲೀಗ್ ಪಂದ್ಯಗಳಲ್ಲಿ ತಂಡ ಅಜೇಯವಾಗಿತ್ತು. ಆಗಿನ ಲೆಕ್ಕದಲ್ಲಿ ಅದು ಒಂದು ಪೂರ್ಣ ಋತುವಿನ ಪಂದ್ಯಗಳಿಗೆ ಸಮ. ಈ ದಾಖಲೆಯನ್ನು 2004ರಲ್ಲಿ ಮುರಿದ ಆರ್ಸೆನಲ್, ಅದನ್ನು 49ಕ್ಕೆ ಏರಿಸಿತು. ಒಮ್ಮೆ ತನಗೆ ಕೆಂಪಂಗಿ ಕೊಟ್ಟ ಕ್ಲಬ್‌ನ ದಾಖಲೆಯನ್ನೇ ಆರ್ಸೆನಲ್ ಅಳಿಸಿದಂತಾಯಿತು.

1978ರ ನವೆಂಬರ್ 29ರಂದು ಫಾರೆಸ್ಟ್‌ನ ರಕ್ಷಣಾ ಆಟಗಾರ ವಿವ್ ಆ್ಯಂಡರ್ಸನ್ ಚೆಕೊಸ್ಲೊವಾಕಿಯಾ ವಿರುದ್ಧ ಕಣಕ್ಕಿಳಿದು, ಇಂಗ್ಲೆಂಡಿನ ಪೂರ್ಣ ಪ್ರಮಾಣದ ಅಂತರರಾಷ್ಟ್ರೀಯ ಪಂದ್ಯದಲ್ಲಿ ಆಡಿದ ಮೊದಲ ಕಪ್ಪುವರ್ಣೀಯ ಆಟಗಾರರೆನಿಸಿದರು. 1979ರ ಫೆಬ್ರವರಿಯಲ್ಲಿ ಬರ್ಮಿಂಗ್‌ಹ್ಯಾಮ್‌ನಿಂದ ಬಂದ ಟ್ರೆವರ್ ಫ್ರಾನ್ಸಿಸ್, ಬ್ರಿಟನ್ನಿನಲ್ಲಿ ಹತ್ತು ಲಕ್ಷ ಪೌಂಡ್ ಬೆಲೆ ಪಡೆದ ಮೊದಲ ಆಟಗಾರರಾದರು.

ಮ್ಯೂನಿಕ್ ಮತ್ತು ಮ್ಯಾಡ್ರಿಡ್

1978–79ರ ಯುರೋಪಿಯನ್ ಕಪ್‌ನ ಮೊದಲ ಸುತ್ತಿನಲ್ಲಿಯೇ ಫಾರೆಸ್ಟ್‌ಗೆ ಎದುರಾದದ್ದು ಹಿಂದಿನ ಎರಡೂ ವರ್ಷ ಕಪ್ ಗೆದ್ದಿದ್ದ ಲಿವರ್‌ಪೂಲ್. ತವರಿನಲ್ಲಿ 2–0ಯಿಂದ ಗೆದ್ದು, ಎದುರಾಳಿಯ ಅಂಗಳದಲ್ಲಿ ಗೋಲುರಹಿತ ಡ್ರಾ ಮಾಡಿಕೊಂಡು ಹಾಲಿ ಚಾಂಪಿಯನ್ನರನ್ನು ಹೊರದಬ್ಬಲಾಯಿತು. ಬಳಿಕ ಗ್ರೀಸಿನ ಎಇಕೆ ಅಥೆನ್ಸ್ ಮತ್ತು ಸ್ವಿಟ್ಜರ್‌ಲೆಂಡಿನ ಗ್ರಾಸ್‌ಹಾಪರ್ಸ್ ತಂಡಗಳು ಸೋತವು. ಜರ್ಮನಿಯ ಕೊಲೋನ್ ವಿರುದ್ಧದ ಸೆಮಿಫೈನಲ್‌ನ ಮೊದಲ ಪಂದ್ಯ ನಾಟಿಂಗ್‌ಹ್ಯಾಮ್‌ನಲ್ಲಿ 3–3ರಲ್ಲಿ ಮುಗಿದಾಗ ಫಾರೆಸ್ಟ್‌ನ ದಾರಿ ಮುಚ್ಚಿತೆಂದೇ ಹಲವರು ಭಾವಿಸಿದ್ದರು. ಎರಡನೇ ಪಂದ್ಯದಲ್ಲಿ ಇಯಾನ್ ಬೋಯರ್ ತಲೆಯಿಂದ ಹೊಡೆದ ಒಂದೇ ಗೋಲು ತಂಡವನ್ನು ಫೈನಲ್‌ಗೆ ಕೊಂಡೊಯ್ದಿತು.

1979ರ ಮೇ 30ರಂದು ಮ್ಯೂನಿಕ್ ನಗರದಲ್ಲಿ ಸ್ವೀಡನ್ನಿನ ಮಾಲ್ಮೊ ಎದುರಾಳಿ. ವಿರಾಮಕ್ಕೆ ತುಸು ಮುನ್ನ ರಾಬರ್ಟ್‌ಸನ್ ಎಡಬದಿಯಿಂದ ತೂರಿದ ಚೆಂಡನ್ನು ಫ್ರಾನ್ಸಿಸ್ ದೂರದ ಗೋಲುಗಂಬದ ಬಳಿ ತಲೆಯಿಂದ ಬಲೆಗೆ ಸೇರಿಸಿದರು. ಅದು ಫ್ರಾನ್ಸಿಸ್ ಯುರೋಪಿಯನ್ ಟೂರ್ನಿಯಲ್ಲಿ ಆಡಿದ ಮೊದಲ ಪಂದ್ಯ. ಫಾರೆಸ್ಟ್ 1–0ಯಿಂದ ಗೆದ್ದಿತು.

ಅಂದು ಸೋತ ಮಾಲ್ಮೊ ತಂಡದ ಮ್ಯಾನೇಜರ್ ಹೆಸರು ಭಾರತೀಯರಿಗೆ ಹೊಸದಲ್ಲ. ಅವರು ಇಂಗ್ಲೆಂಡಿನವರೇ ಆದ ಬಾಬ್ ಹೌಟನ್. 2006ರಿಂದ 2011ರವರೆಗೆ ಭಾರತ ರಾಷ್ಟ್ರೀಯ ಫುಟ್‌ಬಾಲ್ ತಂಡದ ತರಬೇತುದಾರರಾಗಿದ್ದ ಇದೇ ಹೌಟನ್ ಗರಡಿಯಲ್ಲಿ ಭಾರತ 2007 ಮತ್ತು 2009ರಲ್ಲಿ ನೆಹರು ಕಪ್ ಗೆದ್ದು, 2011ರ ಏಷ್ಯಾ ಕಪ್‌ನಲ್ಲಿ ಆಡಿತು.

ಮರುವರ್ಷ ಕ್ವಾರ್ಟರ್‌ಫೈನಲ್‌ನಲ್ಲಿ ಡೈನಮೊ ಬರ್ಲಿನ್ ಎದುರು ತವರಿನಲ್ಲಿಯೇ 0–1ರಿಂದ ಸೋತ ಫಾರೆಸ್ಟ್, ಬರ್ಲಿನ್‌ನಲ್ಲಿ 3–1ರಿಂದ ತಿರುಗೇಟು ನೀಡಿತು. ಸೆಮಿಫೈನಲ್‌ನಲ್ಲಿ ಅಯಾಕ್ಸ್ ಮಣಿಯಿತು. 1980ರ ಮೇ 28ರಂದು ಮ್ಯಾಡ್ರಿಡ್‌ನ ಬರ್ನಬ್ಯೂ ಮೈದಾನದಲ್ಲಿ ಕೆವಿನ್ ಕೀಗನ್ ಅವರಿದ್ದ ಹ್ಯಾಂಬರ್ಗ್ ಎದುರಾಳಿ. ಗಾಯಾಳು ಫ್ರಾನ್ಸಿಸ್ ತಂಡದಲ್ಲಿರಲಿಲ್ಲ. ಪಂದ್ಯದ ಆರಂಭದ ಭಾಗದಲ್ಲಿ ರಾಬರ್ಟ್‌ಸನ್ ಹೊಡೆದ ಗೋಲನ್ನು ಉಳಿದ ಅವಧಿಯುದ್ದಕ್ಕೂ ಶಿಲ್ಟನ್ ಮತ್ತು ರಕ್ಷಣಾ ಪಡೆ ಕಾಯ್ದುಕೊಂಡಿತು. ಮತ್ತೆ 1–0. ಇಂಗ್ಲೆಂಡಿನ ಯಾವ ಕ್ಲಬ್ ಕೂಡ ಅದಾದ ಮೇಲೆ ಯುರೋಪ್ ಚಾಂಪಿಯನ್ ಪಟ್ಟವನ್ನು ಸತತ ಎರಡನೇ ವರ್ಷ ಉಳಿಸಿಕೊಂಡಿಲ್ಲ.

ಈ ಎಲ್ಲ ಸಾಧನೆಯ ಹೊತ್ತಿನಲ್ಲಿ ಫಾರೆಸ್ಟ್ ಒಂದು ಕಂಪನಿಯಾಗಿರಲಿಲ್ಲ. ಸದಸ್ಯರು ಆರಿಸಿದ ಸಮಿತಿಯೊಂದು ಅದನ್ನು ನಡೆಸುತ್ತಿತ್ತು. 1982ರಲ್ಲಷ್ಟೇ ಅದು ನಿಯಮಿತ ಕಂಪನಿಯಾಯಿತು.

ಗೆಲುವಿನ ನಂತರದ ನೋವುಗಳು

1982ರಲ್ಲಿ ಟೇಲರ್ ಫಾರೆಸ್ಟ್ ತೊರೆದರು. ಮರುವರ್ಷ ಡರ್ಬಿಯ ಮ್ಯಾನೇಜರ್ ಆಗಿ ಅವರು ರಾಬರ್ಟ್‌ಸನ್ ಅವರನ್ನು ತಮ್ಮ ತಂಡಕ್ಕೆ ಕರೆದೊಯ್ದಾಗ ಕ್ಲಫ್ ಮುನಿಸಿಕೊಂಡರು. ಇಬ್ಬರ ನಡುವೆ ಮಾತು ನಿಂತಿತು. 1990ರಲ್ಲಿ ಟೇಲರ್ ನಿಧನರಾಗುವವರೆಗೂ ರಾಜಿಯಾಗಲಿಲ್ಲ.

1984ರ ಯುಇಎಫ್‌ಎ ಕಪ್ ಸೆಮಿಫೈನಲ್‌ನ ಮೊದಲ ಪಂದ್ಯದಲ್ಲಿ ಬೆಲ್ಜಿಯಂನ ಆ್ಯಂಡರ್‌ಲೆಕ್ಟ್ ವಿರುದ್ಧ 2–0ಯಿಂದ ಗೆದ್ದಿದ್ದ ಫಾರೆಸ್ಟ್, ಎರಡನೇ ಪಂದ್ಯದಲ್ಲಿ 0–3ರಿಂದ ಸೋತು ಹೊರಬಿತ್ತು. ಕೊನೆಯ ಗಳಿಗೆಯಲ್ಲಿ ಫಾರೆಸ್ಟ್ ಗಳಿಸಿದ ಗೋಲನ್ನು ರೆಫರಿ ತಳ್ಳಿಹಾಕಿದ್ದರು. ಆ ರೆಫರಿಗೆ ಆ್ಯಂಡರ್‌ಲೆಕ್ಟ್‌ನ ಅಂದಿನ ಅಧ್ಯಕ್ಷರಿಂದ ಹಣ ಸಂದಾಯವಾಗಿತ್ತೆಂಬುದು 1997ರಲ್ಲಿ ಬಹಿರಂಗವಾಯಿತು. ಅಷ್ಟರಲ್ಲಿ ರೆಫರಿ ತೀರಿಕೊಂಡು ಹತ್ತು ವರ್ಷಗಳಾಗಿದ್ದವು. ಫಲಿತಾಂಶ ಬದಲಾಗಲಿಲ್ಲ.

1989ರ ಏಪ್ರಿಲ್ 15ರಂದು ಶೆಫೀಲ್ಡ್‌ನ ಹಿಲ್ಸ್‌ಬರೊ ಮೈದಾನದಲ್ಲಿ ಫಾರೆಸ್ಟ್ ಮತ್ತು ಲಿವರ್‌ಪೂಲ್ ನಡುವೆ ಎಫ್‌ಎ ಕಪ್ ಸೆಮಿಫೈನಲ್ ಏರ್ಪಾಡಾಗಿತ್ತು. ಜನದಟ್ಟಣೆಯಲ್ಲಿ ಸಿಲುಕಿ ಲಿವರ್‌ಪೂಲ್‌ನ 97 ಅಭಿಮಾನಿಗಳು ಪ್ರಾಣ ಕಳೆದುಕೊಂಡರು. ಆಟ ಆರೇ ನಿಮಿಷಕ್ಕೆ ನಿಂತಿತು. ಸಾವಿಗೀಡಾದವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರೆಂಬ ತೀರ್ಪು ಬಂದದ್ದು 2016ರಲ್ಲಿ.

1989 ಮತ್ತು 1990ರಲ್ಲಿ ಲೀಗ್ ಕಪ್ ಮತ್ತೆ ನಾಟಿಂಗ್‌ಹ್ಯಾಮ್‌ಗೆ ಬಂತು. 1991ರ ಎಫ್‌ಎ ಕಪ್ ಫೈನಲ್‌ನಲ್ಲಿ ನಾಯಕ ಸ್ಟುವರ್ಟ್ ಪಿಯರ್ಸ್ ಫ್ರೀಕಿಕ್ ಮೂಲಕ ಮುನ್ನಡೆ ಒದಗಿಸಿದರೂ ಟಾಟೆನ್‌ಹ್ಯಾಮ್ 2–1ರಿಂದ ಗೆದ್ದಿತು. ನಿರ್ಣಾಯಕ ಗೋಲು ಫಾರೆಸ್ಟ್‌ನ ಡೆಸ್ ವಾಕರ್ ಅವರಿಂದಲೇ ತಮ್ಮ ಬಲೆಗೆ ಸೇರಿತ್ತು. ಕ್ಲಫ್ ಅವರಿಗೆ ದಕ್ಕದೇ ಉಳಿದ ದೊಡ್ಡ ದೇಶೀಯ ಪ್ರಶಸ್ತಿ ಅದೊಂದೇ.

ಇಳಿಜಾರು

ಪ್ರೀಮಿಯರ್ ಲೀಗ್ ಆರಂಭವಾದದ್ದು 1992ರಲ್ಲಿ. ಅದರ ಮೊದಲ ಋತುವಿನಲ್ಲಿಯೇ ಫಾರೆಸ್ಟ್ ಕೊನೆಯ ಸ್ಥಾನ ಪಡೆದು ಹಿಂಬಡ್ತಿ ಹೊಂದಿತು. ಹದಿನೆಂಟು ವರ್ಷಗಳ ಸೇವೆಯ ನಂತರ ಕ್ಲಫ್ ನಿವೃತ್ತರಾದರು. 2004ರ ಸೆಪ್ಟೆಂಬರ್ 20ರಂದು ಅವರು ನಿಧನರಾದರು. ನಾಟಿಂಗ್‌ಹ್ಯಾಮ್ ಮತ್ತು ಡರ್ಬಿ ನಗರಗಳನ್ನು ಜೋಡಿಸುವ ಹೆದ್ದಾರಿಗೆ ಇಂದು ಅವರ ಹೆಸರಿದೆ.

1994ರಲ್ಲಿ ಮರಳಿ ಬಂದ ತಂಡ 1995ರಲ್ಲಿ ಲೀಗ್‌ನಲ್ಲಿ ಮೂರನೆಯದಾಗಿ, 1996ರಲ್ಲಿ ಯುಇಎಫ್‌ಎ ಕಪ್‌ನ ಕ್ವಾರ್ಟರ್‌ಫೈನಲ್ ತಲುಪಿತು. ಅದು ಆರುವ ದೀಪದ ಬೆಳಕು. 1997ರಲ್ಲಿ ಹಿಂಬಡ್ತಿ, 1998ರಲ್ಲಿ ಬಡ್ತಿ, 1999ರಲ್ಲಿ ಮತ್ತೆ ಹಿಂಬಡ್ತಿ. 1999ರ ಫೆಬ್ರವರಿಯಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸಿಟಿ ಗ್ರೌಂಡ್‌ನಲ್ಲಿಯೇ ಫಾರೆಸ್ಟ್‌ನ್ನು 8–1ರಿಂದ ಸೋಲಿಸಿತು. ಬದಲಿ ಆಟಗಾರರಾಗಿ ಬಂದ ಸೋಲ್ಷೇರ್ ಒಬ್ಬರೇ ನಾಲ್ಕು ಗೋಲು ಹೊಡೆದರು.

2005ರಲ್ಲಿ ಫಾರೆಸ್ಟ್ ಮೂರನೇ ಹಂತಕ್ಕೆ ಕುಸಿಯಿತು. ಯುರೋಪಿಯನ್ ಕಪ್ ಗೆದ್ದ ಬಳಿಕ ಸ್ವದೇಶದ ಮೂರನೇ ಹಂತಕ್ಕೆ ಇಳಿದ ಮೊದಲ ಕ್ಲಬ್ ಎಂಬ ಬೇಡವಾದ ದಾಖಲೆ ಅದರ ಹೆಸರಿಗೆ ಸೇರಿತು. 2008ರಲ್ಲಿ ಎರಡನೇ ಹಂತಕ್ಕೆ ಏರಿದರೂ ಅಲ್ಲಿಂದ ಮೇಲೇರಲು ಮತ್ತೆ 14 ವರ್ಷ ಹಿಡಿಯಿತು. ಮಾಲೀಕರು ಬದಲಾದರು, ಮ್ಯಾನೇಜರ್‌ಗಳು ಬಂದು ಹೋದರು. 2017ರಲ್ಲಿ ಗ್ರೀಸಿನ ಹಡಗು ಉದ್ಯಮಿ ಇವಾಂಜೆಲೋಸ್ ಮಾರಿನಾಕಿಸ್ ಕ್ಲಬ್‌ನ ಒಡೆತನ ಪಡೆದರು.

ಮರಳಿ ಅಗ್ರ ಲೀಗ್‌ಗೆ

2021–22ರ ಋತುವಿನ ಮೊದಲ ಏಳು ಪಂದ್ಯಗಳಿಂದ ಫಾರೆಸ್ಟ್ ಗಳಿಸಿದ್ದು ಒಂದೇ ಪಾಯಿಂಟ್. ಸೆಪ್ಟೆಂಬರ್‌ನಲ್ಲಿ ಬಂದ ಮ್ಯಾನೇಜರ್ ಸ್ಟೀವ್ ಕೂಪರ್ ಅದೇ ತಂಡವನ್ನು 2022ರ ಮೇ 29ರಂದು ವೆಂಬ್ಲಿಗೆ ಕರೆದೊಯ್ದರು. ಹಡರ್ಸ್‌ಫೀಲ್ಡ್ ವಿರುದ್ಧ 1–0 ಗೆಲುವಿನೊಂದಿಗೆ 23 ವರ್ಷಗಳ ವನವಾಸ ಮುಗಿಯಿತು.

ಆದರೆ ಹಳೆಯ ಅಂಗಳದ ಆಟದ ಲೆಕ್ಕಾಚಾರ ಬದಲಾಗಿತ್ತು. ಉಳಿದುಕೊಳ್ಳಲು ಫಾರೆಸ್ಟ್ ಒಂದೇ ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ತಂದಿತು. ಪರಿಣಾಮವಾಗಿ, ಲೀಗ್ ನಿಗದಿಪಡಿಸಿದ ನಷ್ಟದ ಮಿತಿಯನ್ನು 3.45 ಕೋಟಿ ಪೌಂಡ್‌ನಷ್ಟು ಮೀರಿದ್ದಕ್ಕಾಗಿ 2024ರ ಮಾರ್ಚ್‌ನಲ್ಲಿ ನಾಲ್ಕು ಪಾಯಿಂಟ್‌ಗಳ ದಂಡ ತೆರಬೇಕಾಯಿತು. 32 ಪಾಯಿಂಟ್‌ಗಳೊಂದಿಗೆ 17ನೇ ಸ್ಥಾನದಲ್ಲಿ ತಂಡ ಹೇಗೋ ಪಾರಾಯಿತು.

ಮರುವರ್ಷ ನುನೊ ಎಸ್ಪಿರಿಟೊ ಸ್ಯಾಂಟೊ ಮಾರ್ಗದರ್ಶನದಲ್ಲಿ ಫಾರೆಸ್ಟ್ ಅಚ್ಚರಿ ಮೂಡಿಸಿತು. 2024ರ ಸೆಪ್ಟೆಂಬರ್‌ನಲ್ಲಿ ಲಿವರ್‌ಪೂಲ್‌ನ ಆ್ಯನ್‌ಫೀಲ್ಡ್ ಮೈದಾನದಲ್ಲಿ 1–0ಯಿಂದ ಗೆದ್ದಿತು; ಅಲ್ಲಿ ಗೆಲ್ಲದೆ 55 ವರ್ಷಗಳಾಗಿದ್ದವು. 2025ರ ಫೆಬ್ರವರಿಯಲ್ಲಿ ಬ್ರೈಟನ್ ತಂಡವನ್ನು 7–0ಯಿಂದ ಸೋಲಿಸಿತು. ನ್ಯೂಜಿಲೆಂಡಿನ ಕ್ರಿಸ್ ವುಡ್ 20 ಲೀಗ್ ಗೋಲು ಗಳಿಸಿದರು. 65 ಪಾಯಿಂಟ್‌ಗಳೊಂದಿಗೆ ಏಳನೇ ಸ್ಥಾನ ಪಡೆದ ತಂಡ, 1996ರ ನಂತರ ಮೊದಲ ಬಾರಿಗೆ ಯುರೋಪಿನ ಟೂರ್ನಿಗೆ ಮರಳಿತು. ಸ್ಥಿರತೆ ಮಾತ್ರ ಸುಲಭವಾಗಿ ಸಿಗಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ನುನೊ ನಿರ್ಗಮಿಸಿದರು. ಅವರ ಸ್ಥಾನಕ್ಕೆ ಬಂದ ಆಂಜೆ ಪೋಸ್ಟೆಕೊಗ್ಲು ಅವರನ್ನು 39 ದಿನಗಳಲ್ಲಿ ವಜಾಗೊಳಿಸಲಾಯಿತು.

ದಾಖಲೆಗಳ ಪುಟ

ಸ್ಥಾಪನೆ: 1865
ತವರು ಮೈದಾನ: ಸಿಟಿ ಗ್ರೌಂಡ್ (1898ರಿಂದ)
ಇಂಗ್ಲೆಂಡಿನ ಅಗ್ರ ಲೀಗ್ ಪ್ರಶಸ್ತಿ: 1977–78
ಯುರೋಪಿಯನ್ ಕಪ್: 1979, 1980
ಯುರೋಪಿಯನ್ ಸೂಪರ್ ಕಪ್: 1979 (ಬಾರ್ಸಿಲೋನಾ ವಿರುದ್ಧ)
ಎಫ್‌ಎ ಕಪ್: 1898, 1959
ಲೀಗ್ ಕಪ್: 1978, 1979, 1989, 1990
ಚಾರಿಟಿ ಶೀಲ್ಡ್: 1978
ಎರಡನೇ ಹಂತದ ಲೀಗ್ ಪ್ರಶಸ್ತಿ: 1906–07, 1921–22, 1997–98
ಅತಿ ದೊಡ್ಡ ಗೆಲುವು: ಕ್ಲಾಪ್ಟನ್ ವಿರುದ್ಧ 14–0 (ಎಫ್‌ಎ ಕಪ್, 1891)
ಲೀಗ್‌ನಲ್ಲಿ ಅತಿ ದೊಡ್ಡ ಗೆಲುವು: ಲೆಸ್ಟರ್ ಫಾಸ್ ವಿರುದ್ಧ 12–0 (1909)
ಅತಿ ದೊಡ್ಡ ಸೋಲು: ಬ್ಲ್ಯಾಕ್‌ಬರ್ನ್ ವಿರುದ್ಧ 1–9 (1937)
ಅತಿ ಹೆಚ್ಚು ಪಂದ್ಯ: ಬಾಬ್ ಮೆಕಿನ್ಲೆ, 692 (1951–1970)
ಅತಿ ಹೆಚ್ಚು ಗೋಲು: ಗ್ರೆನ್‌ವಿಲ್ ಮಾರಿಸ್, 217 (1898–1913)
ಒಂದೇ ಋತುವಿನಲ್ಲಿ ಅತಿ ಹೆಚ್ಚು ಲೀಗ್ ಗೋಲು: ವಾಲಿ ಆರ್ಡ್ರನ್, 36 (1950–51)
ಅತಿ ಹೆಚ್ಚು ಪ್ರೇಕ್ಷಕರು: 49,946 (1967)
ಸತತ ಅಜೇಯ ಲೀಗ್ ಪಂದ್ಯಗಳು: 42 (1977–78)

ದಾಖಲೆ ಮುರಿಯುವುದೇ?

ಫಾರೆಸ್ಟ್‌ನ ಲಾಂಛನದ ಮೇಲೆ ಎರಡು ನಕ್ಷತ್ರಗಳಿವೆ; ಒಂದು ಮ್ಯೂನಿಕ್‌ಗೆ, ಇನ್ನೊಂದು ಮ್ಯಾಡ್ರಿಡ್‌ಗೆ. ಇಂದು ಚಾಂಪಿಯನ್ಸ್ ಲೀಗ್‌ನಲ್ಲಿ ಆಡಲು ಸ್ವದೇಶದ ಲೀಗ್ ಗೆದ್ದಿರಲೇಬೇಕೆಂದಿಲ್ಲ. ದೊಡ್ಡ ದೇಶಗಳ ನಾಲ್ಕನೇ ಸ್ಥಾನದ ತಂಡಕ್ಕೂ ಪ್ರವೇಶವಿದೆ. ಆದ್ದರಿಂದ ದೇಶದ ಕಿರೀಟಕ್ಕಿಂತ ಖಂಡದ ಕಿರೀಟ ಹೆಚ್ಚು ಗೆದ್ದ ಕ್ಲಬ್ ಇನ್ನೊಂದು ಮುಂದೆಂದಾದರೂ ಹುಟ್ಟಿಕೊಳ್ಳಬಹುದು. ನಿಯಮದ ದೃಷ್ಟಿಯಿಂದ ಆ ದಾಖಲೆ ಸುರಕ್ಷಿತವೇನಲ್ಲ.

ಆದರೆ ಎರಡನೇ ವಿಭಾಗದಿಂದ ಹೊರಟು ಮೂರೇ ವರ್ಷಗಳಲ್ಲಿ ಎರಡು ಬಾರಿ ಯುರೋಪಿನ ತುದಿ ಮುಟ್ಟುವುದು ಬೇರೆಯೇ ಮಾತು. ಫಾರೆಸ್ಟ್ ದುಂದು ಮಾಡಲಿಲ್ಲವೆಂದಲ್ಲ. ಹತ್ತು ಲಕ್ಷ ಪೌಂಡ್‌ನ ಆಟಗಾರನನ್ನು ತಂದದ್ದೂ ಅದೇ ತಂಡ. ಆದರೆ ಆ ಆಟಗಾರನ ಪಕ್ಕದಲ್ಲಿ 2,000 ಪೌಂಡ್‌ನ ಬರ್ಟಲ್ಸ್ ಸರಿಸಮನಾಗಿ ಆಡಿದರು; ಮ್ಯೂನಿಕ್‌ನ ಗೋಲಿಗೆ ಚೆಂಡು ಒದಗಿಸಿದವರು ಒಮ್ಮೆ ಮಾರಾಟದ ಪಟ್ಟಿಯಲ್ಲಿದ್ದ ರಾಬರ್ಟ್‌ಸನ್. ಅಗ್ರ ಲೀಗ್‌ನಲ್ಲಿ ಬರಿದೇ ಉಳಿಯುವುದಕ್ಕೂ ಕೋಟಿಗಟ್ಟಲೆ ಪೌಂಡ್ ಸುರಿಯಬೇಕಾದ ಈ ಕಾಲದಲ್ಲಿ ಅಂಥ ತಂಡ ಕಟ್ಟುವ ದಾರಿ ಕಿರಿದಾಗಿದೆ ಎಂಬುದನ್ನು 2024ರ ದಂಡ ಫಾರೆಸ್ಟ್‌ಗೇ ಮನವರಿಕೆ ಮಾಡಿಕೊಟ್ಟಿದೆ. 1977ರಿಂದ 1980ರವರೆಗಿನ ಆ ಮೂರು ವರ್ಷಗಳ ದಾಖಲೆ ಇಷ್ಟು ಕಾಲ ಉಳಿದುಬಂದಿರುವುದಕ್ಕೆ ಕಾರಣ ಅಲ್ಲಿದೆ.